ಭಾವನ ಮೇಲೊಂದು ಪ್ರಯೋಗ

ಮನಶ್ಶಾಸ್ತ್ರ ಓದಿದವನೆಂದು ನಾನು ಸುಲಭಕ್ಕೆ ಯಾರ ಮುಂದೆಯೂ ಬಾಯಿಬಿಡುವುದಿಲ್ಲ. ಕಾನೂನು ಓದಿದವನ ಹತ್ತಿರ ಜನ ಬದುವಿನ ತಗಾದೆ ತರುತ್ತಾರೆ. ವೈದ್ಯಕೀಯ ಓದಿದವನಿಗೆ ಮದುವೆಯ ಪಂಕ್ತಿಯಲ್ಲೇ ನಾಲಿಗೆ ಚಾಚಿ ತೋರಿಸುತ್ತಾರೆ. ನಮ್ಮ ಪಾಡು ಬೇರೆ. ವಿಷಯ ತಿಳಿದ ಕೂಡಲೇ ಕೆಲವರು ಒಂದು ಹೆಜ್ಜೆ ಹಿಂದೆ ಸರಿದು ಹೆಗಲ ಟವೆಲು ಸರಿಮಾಡಿಕೊಳ್ಳುತ್ತಾರೆ, ಇನ್ನು ಕೆಲವರು ‘ಈಗ ನನ್ ಮನ್ಸಲ್ಲಿ ಏನೈತೆ ಯೋಳು ನೋಡನ’ ಎಂದು ಸವಾಲು ಹಾಕುತ್ತಾರೆ. ದೇವಲಾಪುರದಲ್ಲಿದ್ದ ನಮ್ಮ ದೊಡ್ಡಪ್ಪನಂತೂ, ನಾನು ಮೈಸೂರಿನಲ್ಲಿ ಬಿ.ಎ.ಗೆ ಸೇರಿ ಇದನ್ನೇ ಆರಿಸಿಕೊಂಡೆ ಎಂದು ಕೇಳಿ, ‘ನಮ್ ವಂಸ್ದಲ್ಲಿ ಯಾರ್ಗೂ ಉಚ್ಚು ಇರ್ನಿಲ್ವಲ್ಲಪ್ಪ, ಇದ್ಯಾಕ್ ಬಂತು ನಿಂಗೆ’ ಎಂದು ನಿಜವಾಗಿಯೂ ಮರುಗಿದ್ದರು. ಆದರೆ ನಾನು ಬಾಯಿಮುಚ್ಚಿಕೊಂಡಿರುವುದು ಇಂಥ ಮಾತುಗಳಿಗೆ ಅಂಜಿಯಲ್ಲ. ಆ ಓದಿನ ಮೊದಲ ವರ್ಷದಲ್ಲಿ ನಾನೊಂದು ಪ್ರಯೋಗ ಮಾಡಿದೆ. ಅದು ಯಶಸ್ವಿಯಾಯಿತು. ಅದೇ ತೊಂದರೆ.

ನಮಗೆ ಹೇಳಿಕೊಡುತ್ತಿದ್ದ ಮೇಷ್ಟ್ರು ತೆಳ್ಳಗಿನ, ಸದಾ ಶೀತವಾದಂತೆ ಮಾತಾಡುವ ಮನುಷ್ಯ. ನೋಡುವುದು, ನೆನಪಿಡುವುದು, ಗಮನ ಕೊಡುವುದು ಇವೆಲ್ಲ ಮನಸ್ಸಿನೊಳಗೆ ಹೇಗೆ ನಡೆಯುತ್ತವೆ ಎನ್ನುವುದು ನಮ್ಮ ಪಾಠ. ಅಷ್ಟು ವರ್ಷ ನಾನು ಸುಮ್ಮನೆ ನೋಡುತ್ತಿದ್ದೆ, ಸುಮ್ಮನೆ ಮರೆಯುತ್ತಿದ್ದೆ. ಅದಕ್ಕೆಲ್ಲ ಕ್ರಮವುಂಟು, ಹೆಸರುಂಟು ಎಂದು ತಿಳಿದಾಗ ಕೋಡು ಬಂದಂತಾಯಿತು. ಒಂದು ನೋಟಕ್ಕೆ ಮನುಷ್ಯ ಎಷ್ಟು ವಸ್ತುಗಳನ್ನು ಹಿಡಿಯಬಲ್ಲ ಎಂದು ಅಳೆಯುವ ಪ್ರಯೋಗವೊಂದಿತ್ತು. ಚುಕ್ಕೆ ಬರೆದ ರಟ್ಟನ್ನು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ತೋರಿಸಿ ಮುಚ್ಚಿಬಿಡಬೇಕು. ಎದುರಿಗಿದ್ದವರು ಎಷ್ಟು ಚುಕ್ಕೆ ಕಂಡೆ ಎಂದು ಹೇಳಿ, ಖಾಲಿ ಹಾಳೆಯ ಮೇಲೆ ಅವು ಎಲ್ಲೆಲ್ಲಿದ್ದವು ಎಂದು ಗುರುತು ಹಾಕಬೇಕು. ಕಾಲೇಜಿನಲ್ಲಿ ಅದಕ್ಕೊಂದು ಯಂತ್ರವಿತ್ತು. ಅದರ ಪರದೆ ಬಿದ್ದರೆ ಏಳುತ್ತಿರಲಿಲ್ಲ, ಎದ್ದರೆ ಬೀಳುತ್ತಿರಲಿಲ್ಲ. ಆದ್ದರಿಂದ ಮೇಷ್ಟ್ರು, ‘ರಜದಲ್ಲಿ ಮನೆಯಲ್ಲೇ ಯಾರ ಮೇಲಾದರೂ ಮಾಡಿಕೊಂಡು ಬನ್ನಿ’ ಎಂದರು.

ನನಗೆ ಮನೆಯೆಂದರೆ ಪಾಂಡವಪುರದಲ್ಲಿ ಅಕ್ಕನ ಮನೆ. ಹೈಸ್ಕೂಲಿಗೆಂದು ಊರಿಂದ ಬಂದವನನ್ನು ಜಯಕ್ಕ, ಬೋರೇಗೌಡ ಭಾವ ಇಬ್ಬರೂ ಮಗನಂತೆ ಇಟ್ಟುಕೊಂಡಿದ್ದರು. ಭಾವ ಮೈಸೂರು–ನಾಗಮಂಗಲ ದಾರಿಯ ಖಾಸಗಿ ಬಸ್ಸಿನ ಡ್ರೈವರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಅವರನ್ನು ಅರಿಯದವರಿರಲಿಲ್ಲ. ಖಾಕಿ ಅಂಗಿ, ಕಿವಿಯ ಹಿಂದೆ ಒಂದು ಬೀಡಿ. ಅಡ್ಡ ಬಂದ ಗಾಡಿಯವನಿಗೆ ಅವರು ಬಯ್ಯುವ ಬೈಗುಳ ಕೇಳಲಿಕ್ಕೆಂದೇ ಮುಂದಿನ ಸೀಟು ಹಿಡಿಯುವವರಿದ್ದರು. ಈಚೆಗೆ ಎರಡು ವರ್ಷಗಳಿಂದ ಅವರಿಗೊಂದು ಹೊಸ ಗತ್ತು ಬಂದಿತ್ತು. ಬಸ್ಸು ಓಡಿಸುವಾಗ ಮತ್ತೆ ಮತ್ತೆ ಇಡೀ ಕತ್ತನ್ನು ಹುಂಜದಂತೆ ಬಲಕ್ಕೆ ತಿರುಗಿಸುವರು. ‘ಬೋರಣ್ಣ ನೋಡ್ಲಾ, ರಸ್ತೆ ಎಲ್ಲಾ ತನ್ದೇ ಅನ್ನಂಗೆ ನೋಡ್ತಾನೆ’ ಎಂದು ಜನ ಮೆಚ್ಚುತ್ತಿದ್ದರು. ನಾನೂ ಮೆಚ್ಚಿದ್ದೆ.

ಯಂತ್ರದ ಪರದೆಯ ಬದಲಿಗೆ ಪೋಸ್ಟ್ ಕಾರ್ಡಿನ ಮರೆ ಕಟ್ಟಿಕೊಂಡು, ರಟ್ಟುಗಳ ನಡುವೆ ಗೀಟೆಳೆದು ಎರಡೂ ಕಡೆ ಮಸಿಯಲ್ಲಿ ಚುಕ್ಕೆ ಬರೆದುಕೊಂಡು, ಒಂದು ಬೆಳಿಗ್ಗೆ ಭಾವನನ್ನು ಜಗಲಿಯ ಮೇಲೆ ಕೂರಿಸಿದೆ. ಅಕ್ಕ ಪಕ್ಕದಲ್ಲೇ ರಾಗಿ ಕೇರುತ್ತಿದ್ದಳು. ಮೊದಲ ರಟ್ಟು ತೋರಿಸಿ ಮುಚ್ಚಿದೆ.

‘ನಾಕು’ ಎಂದರು ಭಾವ.

‘ಎಂಟು’ ಎಂದಳು ಅಕ್ಕ, ಮೊರದಿಂದ ತಲೆ ಎತ್ತದೆ, ಓರೆಗಣ್ಣಲ್ಲೇ ನೋಡಿ. ಇದ್ದದ್ದು ಎಂಟೇ.

‘ಅಕ್ಕಾ, ನೀನು ಹೇಳಬಾರದು. ಪ್ರಯೋಗ ಕೆಡುತ್ತದೆ.’

‘ಕಂಡಿದ್ದ ಯೋಳುದ್ರೆ ಅದೇನೋ ಕೆಡದು?’

ಇನ್ನೊಂದು ರಟ್ಟು. ಭಾವ ಮೂರು ಎಂದರು, ಇದ್ದದ್ದು ಆರು. ಮತ್ತೊಂದು. ಭಾವ ಮೆಲ್ಲಗೆ ಮುಖವನ್ನು ಓರೆ ಮಾಡಿದರು. ನಾನು ಮೇಷ್ಟ್ರ ದನಿಯಲ್ಲಿ ಗದರಿದೆ: ‘ತಲೆ ಅಲ್ಲಾಡಿಸಬಾರದು ಭಾವ. ನಡುವೆ ಇರುವ ಗೀಟನ್ನೇ ನೇರವಾಗಿ ನೋಡಬೇಕು.’ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ವಿಧೇಯರಾಗಿ ನೇರಕ್ಕೆ ಕೂತರು. ನನ್ನ ಮುಂದೆ ಅವರು ಅಷ್ಟು ಸಣ್ಣಗೆ ಕೂತದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. ನನಗೆ ಹೆಮ್ಮೆಯೇ ಆಯಿತು. ಇಪ್ಪತ್ತು ರಟ್ಟು ನೋಡಿ ಇಪ್ಪತ್ತು ಹಾಳೆಗೆ ಗುರುತು ಹಾಕುವ ಹೊತ್ತಿಗೆ ಅವರ ಹಣೆಯಲ್ಲಿ ಬೆವರಿತ್ತು. ‘ಸಾಕ್ ಬುಡ್ಲಾ ಪುಟ್ರಾಜ, ನಾಗಮಂಗ್ಲಕ್ಕೆ ಎಲ್ಡ್ ಸಲ ಓಗಿ ಬರಬೌದು ಇದ್ರ ಬದ್ಲು’ ಎಂದು ಎದ್ದರು. ರೆಕಾರ್ಡ್ ಪುಸ್ತಕದಲ್ಲಿ ನಾನು ಚಂದದ ಅಕ್ಷರದಲ್ಲಿ ತೀರ್ಮಾನ ಬರೆದೆ: ಇವರ ಗಮನದ ಶಕ್ತಿ ಸಾಮಾನ್ಯರಿಗಿಂತ ಕಡಿಮೆ, ಇದಕ್ಕೆ ವಿದ್ಯಾಭ್ಯಾಸದ ಕೊರತೆ ಕಾರಣವಿರಬಹುದು. ಇವತ್ತಿಗೂ ಆ ವಾಕ್ಯ ನೆನಪಾದರೆ ಎಲ್ಲಿದ್ದರೂ ಎದ್ದು ಒಂದು ಲೋಟ ನೀರು ಕುಡಿಯುತ್ತೇನೆ.

ಮೇಷ್ಟ್ರು ಆ ಪುಸ್ತಕ ನೋಡುತ್ತ ನೋಡುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಭಾವ ಗುರುತು ಹಾಕಿದ್ದ ಹಾಳೆಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿದರು.

‘ನೀವು ಇದನ್ನು ನೋಡಿದ್ದೀರೇನ್ರೀ?’

‘ನೋಡಿದ್ದೇನೆ ಸಾರ್.’

‘ಏನು ನೋಡಿದ್ದೀರಿ? ಇಪ್ಪತ್ತು ಹಾಳೆಯಲ್ಲೂ ಗುರುತು ಎಡಗಡೆ ಮಾತ್ರ ಇದೆ. ಬಲಗಡೆ ಒಂದಾದರೂ ಚುಕ್ಕೆ ಇದೆಯಾ? ಇದು ಗಮನ ಕಡಿಮೆ ಇರೋದಲ್ಲ. ಈ ಮನುಷ್ಯನಿಗೆ ಬಲಗಡೆ ಕಾಣ್ತಾ ಇಲ್ಲ. ಬೇಗ ಆಸ್ಪತ್ರೆಗೆ ಕರಕೊಂಡು ಹೋಗಿ. ಇವರು ಏನು ಕೆಲಸ ಮಾಡ್ತಾರೆ?’

ನಾನು ಹೇಳಿದೆ. ಮೇಷ್ಟ್ರು ಮೂಗು ಒರೆಸಿಕೊಳ್ಳುವುದನ್ನೂ ಮರೆತು ಹಾಳೆಗಳನ್ನು ಒಟ್ಟುಮಾಡಿ ನನ್ನ ಕೈಗಿಟ್ಟರು.

ಆ ಶನಿವಾರ ಭಾವನ ಬಸ್ಸಿನಲ್ಲೇ ಅಕ್ಕನ ಮನೆಗೆ ಹೊರಟೆ. ಭಾವ ಎಂದಿನಂತೆ ತಮ್ಮ ಬೆನ್ನ ಹಿಂದಿನ ಸೀಟಿನಲ್ಲಿ ನನಗೆ ಟವೆಲು ಹಾಸಿದ್ದರು. ಅಲ್ಲಿ ಕೂತು ಎಷ್ಟೋ ಸಲ ಗೊರಕೆ ಹೊಡೆದಿದ್ದೇನೆ. ಅಂದು ಮಾತ್ರ ರೆಪ್ಪೆ ಮುಚ್ಚಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ದಾಟುವಷ್ಟರಲ್ಲಿ ನನಗೆ ಗೊತ್ತಿದ್ದ ದೇವರೆಲ್ಲ ಮುಗಿದು, ಗೊತ್ತಿಲ್ಲದ ದೇವರಿಗೂ ಕೈಮುಗಿಯತೊಡಗಿದ್ದೆ. ಆ ಕತ್ತಿನ ತಿರುವು ಗತ್ತಲ್ಲ ಎಂಬುದು ಈಗ ಎರಡು ಮೊಳ ದೂರದಿಂದ ನಿಚ್ಚಳವಾಗಿ ಕಾಣುತ್ತಿತ್ತು. ಕಾಣದ ಅರ್ಧವನ್ನು ಅವರು ಕತ್ತು ತಿರುಗಿಸಿ ತಿರುಗಿಸಿ ತಂದುಕೊಳ್ಳುತ್ತಿದ್ದರು. ಪಾಂಡವಪುರ ಹತ್ತಿರವಾದಾಗ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡ ಗಾಡಿಗಳ ಸಾಲು ಸಿಕ್ಕಿತು. ಬಲಗಡೆಯ ಓಣಿಯಿಂದ ಒಂದು ಗಾಡಿ ರಸ್ತೆಗೆ ಹತ್ತಿತು. ಭಾವ ಆಗಷ್ಟೇ ಮುಖವನ್ನು ನೇರಕ್ಕೆ ತಂದಿದ್ದರು.

‘ಭಾವ! ಬಲಕ್ಕೆ!’

ಬ್ರೇಕಿನ ಸದ್ದಿಗೆ ಹಿಂದೆ ಕೂಸೊಂದು ಚೀರಿತು. ಎತ್ತಿನ ಕೊಂಬಿಗೂ ಬಸ್ಸಿಗೂ ಒಂದು ಗೇಣು ಜಾಗವಿತ್ತು. ಗಾಡಿಯವನು ಕಬ್ಬಿನ ಹೇರಿನ ಮೇಲೆ ಎದ್ದು ನಿಂತು, ‘ಕಣ್ ಎಲ್ ಮಡೀಕೊಂಡಿದೀಯಲಾ?’ ಎಂದು ಅರಚಿದ. ಇಡೀ ಬಸ್ಸು ಭಾವನ ಉತ್ತರಕ್ಕೆ ಕಿವಿ ನಿಮಿರಿಸಿ ಕೂತಿತು. ಭಾವ ಒಂದು ಮಾತನ್ನೂ ಆಡದೆ ಗೇರು ಬದಲಿಸಿದರು.

ಸಂಜೆ ಹಿತ್ತಲಿನ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ ಮೇಲೆ ಅವರೇ ಎತ್ತಿದರು. ‘ಚುಕ್ಕೆಗಳು ಯೋಳ್ಬುಟ್ವಾ?’

‘ನಿಮಗೆ ಗೊತ್ತಿತ್ತಾ ಭಾವ?’

‘ಎಲ್ಡು ವರ್ಸ ಆತು ಕಣ್ಲಾ. ತಲೆನೋವು ಅಂತ ಮೂರ್ ದಿನ ಮಲಗಿರ್ನಿಲ್ವಾ? ಎದ್ದ ಮ್ಯಾಕೆ ಇಂಗೇ. ತಟ್ಟೇಲಿ ಮುದ್ದೆ ಕಾಣ್ತದೆ, ಸಾರು ಕಾಣಾಕಿಲ್ಲ. ನಿಮ್ಮಕ್ಕ ಸಾರೇ ಬುಟ್ಟಿಲ್ಲ ಅಂತ ಜಗಳ ಆಡಿವ್ನಿ.’ ಅವರು ನಕ್ಕರು. ‘ಅವ್ಳಿಗೆ ಯೋಳ್ಬ್ಯಾಡ. ಸ್ಟೇರಿಂಗ್ ಬುಟ್ರೆ ನಾನು ಯಾರ್ಲಾ?’

ಮಾರನೆಯ ವಾರ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ದೀಪ ಬಿಟ್ಟು, ಬೆರಳು ಆಡಿಸಿ, ಬಹಳ ಹೊತ್ತು ನೋಡಿದರು. ‘ಕಣ್ಣು ಎರಡೂ ಚೆನ್ನಾಗಿವೆ. ತಲೆಯ ಹಿಂಭಾಗದಲ್ಲಿ, ನೋಡುವ ಕೆಲಸ ಮಾಡುವ ಜಾಗದಲ್ಲಿ, ಒಂದು ರಕ್ತನಾಳ ಕಟ್ಟಿಕೊಂಡಿದೆ. ಹೋದದ್ದು ವಾಪಸು ಬರುವುದಿಲ್ಲ. ಬಸ್ಸು ಓಡಿಸಬೇಡಿ’ ಎಂದರು. ಭಾವ ಹೊರಗೆ ಬಂದವರೇ ವಾದಕ್ಕೆ ನಿಂತರು: ‘ಕಣ್ಣು ನೆಟ್ಟಗವೆ ಅಂತ ಅವ್ರೇ ಅಂದ್ರಲ್ಲ. ಕಣ್ಣು ನೆಟ್ಟಗಿದ್ದ ಮ್ಯಾಕೆ ಬಸ್ಸು ಯಾಕ್ಲಾ ಬುಡ್ಬೇಕು?’ ಒಂದು ವರ್ಷದ ಮನಶ್ಶಾಸ್ತ್ರವನ್ನೆಲ್ಲ ಸುರಿದು ಬಸ್ ನಿಲ್ದಾಣದವರೆಗೂ ವಿವರಿಸಿದೆ. ಅವರು ಒಪ್ಪಲಿಲ್ಲ.

ಬೇರೆ ಯಾರೋ ಓಡಿಸುತ್ತಿದ್ದ ಬಸ್ಸಿನಲ್ಲಿ, ಮುಂದುಗಡೆ ಪಕ್ಕಪಕ್ಕ ಕೂತು ವಾಪಸು ಹೊರಟೆವು. ಸೇತುವೆ ಬಂತು. ಭಾವ ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿ, ತಲೆ ಅಲ್ಲಾಡಿಸದೆ, ನೇರವಾಗಿ ರಸ್ತೆಯನ್ನೇ ನೋಡುತ್ತ ಕೂತರು. ಜಗಲಿಯ ಮೇಲೆ ನಾನು ಕೂರಿಸಿದ್ದೆನಲ್ಲ, ಹಾಗೆ. ಸೇತುವೆಯ ನಡುವೆ ಕೇಳಿದರು: ‘ಪುಟ್ರಾಜ, ಬಲಗಡೀಕೆ ಒಳೆ ಐತೇನ್ಲಾ?’

‘ಇದೆ ಭಾವ. ತುಂಬಿ ಹರೀತಾ ಇದೆ.’

ಅವರು ಇಡೀ ಕತ್ತನ್ನು ಬಲಕ್ಕೆ ತಿರುಗಿಸಿ ಹೊಳೆಯನ್ನು ನೋಡಿದರು. ಸೋಮವಾರ ಬೆಳಿಗ್ಗೆ ಮಾಲೀಕರ ಮನೆಗೆ ಹೋಗಿ ಬಸ್ಸಿನ ಕೀಲಿಕೈ ಕೊಟ್ಟು, ಸೊಂಟನೋವು ಎಂದು ಹೇಳಿ ಬಂದರು. ಮಾಲೀಕರು ಒಳ್ಳೆಯವರು. ಪಾಂಡವಪುರದ ನಿಲ್ದಾಣದಲ್ಲಿ ಬಸ್ಸು ಬರುವ ಹೊರಡುವ ಹೊತ್ತು ನೋಡಿಕೊಂಡು ಕೂಗುವ ಕೆಲಸಕ್ಕೆ ಹಾಕಿದರು. ಗಾಡಿಯವರನ್ನು ನಡುಗಿಸುತ್ತಿದ್ದ ಆ ಕಂಠ ‘ನಾಗಮಂಗ್ಲ, ನಾಗಮಂಗ್ಲ’ ಎಂದು ಮುದುಕಿಯರನ್ನು ಕರೆಯತೊಡಗಿತು. ತಾವು ಓಡಿಸುತ್ತಿದ್ದ ಬಸ್ಸು ಬಂದಾಗ ಮಾತ್ರ ಅವರು ಅದರ ಎಡಗಡೆಗೆ ಹೋಗಿ ನಿಲ್ಲುತ್ತಿದ್ದರು. ಹೊಸ ಡ್ರೈವರಿನ ಮುಖ ಆ ಕಡೆಯಿಂದ ಕಾಣುತ್ತಿರಲಿಲ್ಲ.

ನನ್ನ ಚುಕ್ಕೆಗಳ ಬೆನ್ನಿಗೇ ಭಾವನನ್ನು ಆಸ್ಪತ್ರೆಗೆ ಒಯ್ದದ್ದಷ್ಟೇ ಅಕ್ಕನಿಗೆ ಗೊತ್ತಿತ್ತು. ಅವಳು ನನ್ನೊಂದಿಗೆ ಮಾತು ಬಿಟ್ಟಳು. ತಟ್ಟೆ ಇಡುವಳು, ಮುದ್ದೆ ಹಾಕುವಳು, ಗೋಡೆಗೆ ಹೇಳುವಂತೆ ಹೇಳುವಳು: ‘ಲೋಕದೋರೆಲ್ಲ ಓದಿ ಮನೆ ಬೆಳಗ್ತಾರೆ. ಇವ್ನು ಓದಿ ಭಾವನ್ನ ಬಸ್ಸಿಂದ ಇಳಿಸ್ದ.’ ಕಾಣದ ಆ ಅರ್ಧ, ಆ ಗಾಡಿ, ಆ ಗೇಣು ಜಾಗ, ಆ ಕೂಸಿನ ಚೀರು ಯಾವುದನ್ನೂ ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ನನ್ನನ್ನು ಕ್ಷಮಿಸುತ್ತಿದ್ದಳು, ಆದರೆ ಹಿಂದಿನ ಎರಡು ವರ್ಷದ ಒಂದೊಂದು ದಿನವನ್ನೂ ನೆನೆದು ನೆನೆದು ನಡುಗುತ್ತಿದ್ದಳು. ಗೋಡೆಯ ಪಾಲಿನ ಮಾತನ್ನು ನಾನೇ ಕೇಳಿಸಿಕೊಂಡು ಉಂಡೆ. ಕಾಲೇಜಿನಲ್ಲಿ ಮೇಷ್ಟ್ರು, ಕಾಯಿಲೆಯವರ ಲೆಕ್ಕ ಈ ಪ್ರಯೋಗಕ್ಕೆ ಬರುವುದಿಲ್ಲ ಎಂದು ಹೇಳಿ ಬೇರೊಬ್ಬರ ಮೇಲೆ ಮಾಡಿಸಿದರು. ಹಾಸ್ಟೆಲಿನ ಅಡುಗೆಯವರು ಎಲ್ಲ ಚುಕ್ಕೆಗಳನ್ನೂ ಕಂಡರು. ಭಾವನ ಹಾಳೆಗಳನ್ನು ಮಡಿಸಿ ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಪರೀಕ್ಷೆ ಹತ್ತಿರವಿದ್ದಾಗ ಒಮ್ಮೆ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಭಾವ ಕೂಗುವುದನ್ನು ನಿಲ್ಲಿಸಿ ಹತ್ತಿರ ಬಂದರು. ‘ಅದ್ಯಾಕೋ ಕೇಳನ ಅಂತಿದ್ದೆ. ನಿನ್ ಪರೀಕ್ಸೆಲಿ ನಾನು ಪಾಸಾ, ಫೇಲಾ?’

‘ಪಾಸು ಭಾವ. ಫಸ್ಟ್ ಕ್ಲಾಸು’ ಎಂದೆ.

ಅವರ ಮುಖ ಅರಳಿತು. ಆ ಸಂಜೆಯೊಳಗೆ ನಿಲ್ದಾಣದ ಹೋಟೆಲಿನಿಂದ ಹಿಡಿದು ಕಡಲೆಕಾಯಿ ಮಾರುವ ಮುದುಕಿಯವರೆಗೆ ಎಲ್ಲರಿಗೂ, ಬೋರೇಗೌಡರು ಮೈಸೂರು ಕಾಲೇಜಿನ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು ಎಂದು ತಿಳಿದಿತ್ತು.

ಆಮೇಲೆ ನನ್ನ ಪರೀಕ್ಷೆಯೂ ಆಯಿತು. ಗಮನದ ಬಗ್ಗೆಯೇ ಒಂದು ದೊಡ್ಡ ಪ್ರಶ್ನೆ ಬಂದಿತ್ತು. ಗೊತ್ತಿದ್ದುದನ್ನೆಲ್ಲ ಬರೆದೆ, ಹೆಚ್ಚುವರಿ ಹಾಳೆ ಕೇಳಿ ಕೇಳಿ ಬರೆದೆ. ಗಂಟೆ ಹೊಡೆದು ಹೊರಗೆ ಬಂದ ಮೇಲೆ ಗೆಳೆಯನೊಬ್ಬ ಹಿಂದಿನ ಪುಟದ ಪ್ರಶ್ನೆಗಳು ಸುಲಭವಿದ್ದವು ಎಂದ. ನಾನು ಪ್ರಶ್ನೆಪತ್ರಿಕೆಯನ್ನು ತಿರುಗಿಸಿಯೇ ನೋಡಿರಲಿಲ್ಲ. ಫಲಿತಾಂಶ ಬಂದಾಗ ಮನಶ್ಶಾಸ್ತ್ರವೊಂದರಲ್ಲಿ ನಪಾಸಾಗಿದ್ದೆ. ಪಾಂಡವಪುರದ ನಿಲ್ದಾಣದಲ್ಲಿ ಇಳಿದು ತಲೆ ತಗ್ಗಿಸಿ ಹೇಳಿದೆ. ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, ಹತ್ತು ಜನಕ್ಕೆ ಕೇಳುವಂತೆ ಸಮಾಧಾನ ಮಾಡಿದರು: ‘ಓಗ್ಲಿ ಬುಡ್ಲಾ ಪುಟ್ರಾಜ. ಮನೇಗೊಬ್ಬ ನಾನು ಪಾಸಾಗಿವ್ನಿ, ಸಾಕು.’