ಹುಕ್ಕು ಅಂದರೆ ಕುಡುಗೋಲು

ನಮ್ಮ ಸೋದರಮಾವ ಒಂದು ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟು ತರುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ಅವರ ಶಾಲೆಯ ಹೆಡ್‌ಮಾಸ್ಟರು. ಆಮೇಲೆ ಹೇಳಿದ್ದು ಅವರ ಹೆತ್ತ ತಾಯಿ, ಅಂದರೆ ನಮ್ಮಜ್ಜಿ. ಅದೂ ಕಬ್ಬಾಳಮ್ಮನ ಮೇಲೆ ಆಣೆ ಇಟ್ಟು! ಕೋಡಿಹಳ್ಳಿ ಬಸ್ಸಿನ ಕಂಡಕ್ಟರೂ ಒಮ್ಮೆ ಹೇಳಿದ್ದುಂಟು, ಅವರಿಗೇನು ಸಂಬಂಧವೋ ನಾನರಿಯೆ. ಆದರೆ ಎಲ್ಲರಿಗಿಂತ ಜೋರಾಗಿ, ಎದೆ ತಟ್ಟಿಕೊಂಡು ಹೇಳುತ್ತಿದ್ದವರು ಸ್ವತಃ ಮಾವನೇ. "ಪುಸ್ತಕ ಕಂಡ್ರೆ ನಂಗೆ ಮೊದಲ್ನೇ ರೌಂಡಲ್ಲೇ ನಿದ್ದೆ ಕಣಮ್ಮಿ. ಬೆಲ್ ಹೊಡೆಯೋ ಅಷ್ಟ್ರಲ್ಲಿ ಔಟು!"

ಹಾಗಂತ ಮಾವನನ್ನು ಸಾಮಾನ್ಯರೆಂದು ತಿಳಿಯಬೇಡಿ. ಅವರು ಬಾಕ್ಸಿಂಗ್ ಚಾಂಪಿಯನ್! ಊರಿಗಲ್ಲ, ಕೇರಿಗಲ್ಲ, ಇಡೀ ರಾಜ್ಯಕ್ಕೆ! ಅಜ್ಜಿಯ ಮನೆಯ ಅಟ್ಟದ ಮೇಲೆ ಒಂದು ಮಂಕರಿ ತುಂಬ ಕಪ್ಪುಗಳೂ ಪದಕಗಳೂ ಇವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರಲ್ಲಿ ಅಜ್ಜಿ ಹುಣಸೆಹಣ್ಣು ತುಂಬಿಟ್ಟು, ಅದರ ಹೊಳಪೆಲ್ಲ ಹೋಗಿ, ಕಪ್ಪು ಈಗ ಹೆಸರಿಗೆ ತಕ್ಕಂತೆ ಕಪ್ಪಾಗಿದೆ.

ಚಾಂಪಿಯನ್ ಆದ ಕತೆಯನ್ನು ಮಾವ ಹೇಳುವ ರೀತಿ ಹೀಗೆ. ಮಿಲಿಟರಿಯ ಅಡುಗೆಮನೆಗೆ ಸೇರಿದ ಹೊಸದು. ಊಟದ ಸಾಲಿನಲ್ಲಿ ದೊಡ್ಡ ಆಳೊಬ್ಬ ಯಾವುದೋ ಮಾತಿಗೆ ಸಿಟ್ಟಾಗಿ ಇವರ ಮೇಲೆ ಕೈ ಬೀಸತೊಡಗಿದನಂತೆ. ಮಾವನ ಕೈಯಲ್ಲಿ ಸಾರಿನ ಬಕೆಟ್ಟು. ಅದನ್ನು ಹಿಡಿದುಕೊಂಡೇ ಆ ಕಡೆ ಈ ಕಡೆ ಬಾಗಿ ಎಲ್ಲ ಏಟುಗಳನ್ನೂ ತಪ್ಪಿಸಿಕೊಂಡರಂತೆ. ಬೀಸಿದವನು ಸುಸ್ತಾಗಿ ನೆಲಕ್ಕೆ ಕೂತ, ಬಕೆಟ್ಟಿನಿಂದ ಒಂದು ತೊಟ್ಟು ಸಾರೂ ಚೆಲ್ಲಿರಲಿಲ್ಲ! ಅಲ್ಲೇ ನಿಂತಿದ್ದ ಬಾಕ್ಸಿಂಗ್ ಕಲಿಸುವ ಅಧಿಕಾರಿ ಮರುದಿನವೇ ಇವರ ಕೈಗೆ ಗ್ಲೌಸು ಹಾಕಿದರು. "ಆಮೇಲೆ?" ಎಂದು ನಾವು ಕೇಳಿದರೆ ಮಾವ, "ಆಮೇಲೇನು, ಬಡಿಸೋನು ಬಡಿಯೋನಾದೆ," ಎನ್ನುತ್ತಿದ್ದರು.

ಆದರೆ ಕಷ್ಟ ಶುರುವಾದದ್ದು ಅಲ್ಲಿಂದಲೇ. ಕಲಿಸುವವರು ಹೊಡೆತಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿ, ಅರ್ಥವನ್ನು ಹಿಂದಿಯಲ್ಲಿ ಬಿಡಿಸುತ್ತಿದ್ದರು. ಮಾವನಿಗೆ ಎರಡೂ ಭಾಷೆ ಸಮಸಮವಾಗಿ ಗೊತ್ತಿರಲಿಲ್ಲ! ಹಾಗಾಗಿ ಮನಸ್ಸಿನೊಳಗೇ ಬೇರೆ ನಾಮಕರಣ ಮಾಡಿಕೊಂಡರು. ಕೋಳಿ ಕಾಳು ಹೆಕ್ಕುವಂತೆ ಚುಚ್ಚಿ ಹಿಂದಕ್ಕೆ ಬರುವ ಎಡಗೈಯ ಹೊಡೆತ 'ಕುಟುಕು'. ಬಲಗೈಯಿಂದ ನೆಟ್ಟಗೆ ಹೋಗುವುದು 'ಹಾರೆ'. ಪಕ್ಕದಿಂದ ಬಾಗಿಕೊಂಡು ಬರುವುದು 'ಕುಡುಗೋಲು'. ತಳದಿಂದ ಎದ್ದು ಗದ್ದಕ್ಕೆ ತಾಗುವುದು 'ಸೌಟು'. ಎರಡೂ ಕೈ ಮುಖದ ಮುಂದೆ ತಂದು ಕಾಯ್ದುಕೊಳ್ಳುವುದು 'ಬಾಗಿಲು'. ಈ ಐದು ಮಾತಿನ ಬಲದಲ್ಲೇ ಮಾವ ರಾಜ್ಯ ಗೆದ್ದದ್ದು.

ಇನ್ನು ಅವರ ಮದುವೆ! ಹೆಣ್ಣು ನೋಡಲು ಮಾಗಡಿ ಕಡೆಯ ಒಂದು ಹಳ್ಳಿಗೆ ಹೋಗಿದ್ದಾರೆ. ಹುಡುಗಿ ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತಿ ಕೊಟ್ಟಿದ್ದಾಳೆ. ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿಯಂತೂ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಆಗ ಮಾವ ಜಮಖಾನದ ಮೇಲಿಂದ ಚಂಗನೆ ನೆಗೆದು, "ಅವ್ವಾ, ಎಡಗೈ ಕಣವ್ವ! ಎಡಗೈಯೋರು ಸಿಗೋದೇ ಅಪರೂಪ. ಬುಡಬ್ಯಾಡ!" ಎಂದರಂತೆ. ಆ ಹುಡುಗಿಯೇ ನಮ್ಮ ಅತ್ತೆ. ಹೆಣ್ಣು ನೋಡಿ ಒಪ್ಪುವವರನ್ನು ಕಂಡಿದ್ದೇವೆ, ಜಾತಕ ನೋಡಿ ಒಪ್ಪುವವರನ್ನು ಕಂಡಿದ್ದೇವೆ; ಕೈ ನೋಡಿ, ಅದೂ ಎಡಗೈ ನೋಡಿ ಒಪ್ಪಿದವರನ್ನು ನೀವು ಕಂಡಿದ್ದೀರಾ?

ಮಿಲಿಟರಿಯಿಂದ ಬಿಡುಗಡೆಯಾಗಿ ಬಂದ ಮೇಲೆ ಮಾವ ಬಿಡದಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಉಳಿದ ಹೊತ್ತಿನಲ್ಲಿ ಊರಿನ ಮಕ್ಕಳಿಗೆ ಬಾಕ್ಸಿಂಗ್ ಪಾಠ. ಎಲ್ಲಿ? ಅಜ್ಜಿ ರೇಷ್ಮೆ ಸಾಕುವುದನ್ನು ಬಿಟ್ಟಮೇಲೆ ಖಾಲಿ ಬಿದ್ದಿದ್ದ ಹುಳದ ಮನೆಯಲ್ಲಿ! ಅಲ್ಲಿ ಹುಳ ಇಲ್ಲದಿದ್ದರೂ ಹುಳದ ಮನೆಯ ಕಟ್ಟಳೆಗಳು ಹಾಗೇ ಇದ್ದವು. ಯಾರಾದರೂ ಕಾಲು ತೊಳೆಯದೆ ಒಳಗೆ ಹೋದರೆ ಜಗುಲಿಯ ಮೇಲಿಂದ ಅಜ್ಜಿಯ ಕೂಗು:

"ಯಾರ್ಲಾ ಅದು, ಕಾಲ್ ತೊಳೀದೆ ಒಳೀಕ್ ಬಂದೋನು? ಹುಳಕ್ಕೆ ರೋಗ ಬಂದ್ರೆ?"

"ಹುಳ ಎಲ್ಲೈತಜ್ಜಿ?"

"ನೀವೇ ಕಣ್ರಲಾ!"

ಮಾವನೂ ಅದೇ ಭಾಷೆ. ಯಾವ ಮಗುವನ್ನೂ ಅವಸರದಲ್ಲಿ ಪಂದ್ಯಕ್ಕೆ ಕಳಿಸುತ್ತಿರಲಿಲ್ಲ. "ಹುಳ ಹಣ್ಣಾಗೋಗಂಟ ಗೂಡು ಕಟ್ಟೋ ಚಂದ್ರಿಕೆಗೆ ಬುಡಬಾರ್ದು. ಕಾಯಿ ಹುಳ ಬುಟ್ರೆ ಗೂಡೂ ಇಲ್ಲ, ಹುಳಾನೂ ಇಲ್ಲ," ಎನ್ನುವರು.

ಇಷ್ಟೆಲ್ಲ ಹೊಡೆತ ಕಲಿಸುವ ಮನುಷ್ಯ ರಿಂಗಿನ ಹೊರಗೆ ಒಂದು ಸೊಳ್ಳೆಯನ್ನೂ ಹೊಡೆದವರಲ್ಲ. ಒಮ್ಮೆ ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ರಾಮನಗರದ ಬಸ್ಸು ಹತ್ತಿದೆವು. ಖಾಲಿ ಸೀಟೆಂದು ಮಾವ ಕೂತರು. ಕಿಟಕಿಯಿಂದ ಟವೆಲ್ಲು ಎಸೆದು ಆ ಸೀಟು ಹಿಡಿದಿದ್ದ ಪುಣ್ಯಾತ್ಮ ಹತ್ತಿ ಬಂದ. ಟವೆಲ್ಲು ಮಾವನ ಕೆಳಗೆ! ಮಾತಿಗೆ ಮಾತು ಬೆಳೆದು ಆತ ಮಾವನ ಮುಖಕ್ಕೆ ಕೈ ಬೀಸಿಯೇಬಿಟ್ಟ. ಮಾವ ಕೂತಲ್ಲೇ ತಲೆ ಪಕ್ಕಕ್ಕೆ ಸರಿಸಿದರು. ಕೈ ಕಂಬಿಗೆ ಬಡಿಯಿತು. ಇನ್ನೊಮ್ಮೆ ಬೀಸಿದ, ಆ ಏಟೂ ಕಂಬಿಗೇ. ಆಗ ಮಾವ ಎದ್ದು, ಬಲು ಮರ್ಯಾದೆಯಿಂದ, "ಸ್ವಾಮಿ, ಒಸಿ ಎಡಗಾಲ್ ಮುಂದಿಕ್ಕಿ. ನೀವು ಎರಡೂ ಕಾಲು ಜೋಡಿಸ್ಕೊಂಡು, ದೇವರ್ ಮುಂದೆ ನಿಂತಂಗೆ ನಿಂತು ಹೊಡೀತಿದ್ದೀರಿ. ಬಸ್ಸು ಬ್ರೇಕ್ ಹಾಕುದ್ರೆ ನೀವೇ ಬೀಳೋದು," ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಆತನೂ ಕೈ ಉಜ್ಜಿಕೊಳ್ಳುತ್ತ ನಕ್ಕುಬಿಟ್ಟ. ಮುಂದಿನ ಭಾನುವಾರ ಅದೇ ಮನುಷ್ಯ ತನ್ನ ಮಗಳು ಪವಿತ್ರಳನ್ನು ಕರೆದುಕೊಂಡು ಹುಳದ ಮನೆಯ ಬಾಗಿಲಿಗೆ ಬಂದು ನಿಂತ!

ನಮ್ಮ ಮನೆಗೆ ಡಿಗ್ರಿ ಎಂಬ ಪದಾರ್ಥವನ್ನು ಮೊದಲು ತಂದವಳು ನಾನು. ಅದರಲ್ಲಿ ಮಾವನ ಪಾಲೂ ಇದೆ. ಕನಕಪುರದ ಕಾಲೇಜಿನಲ್ಲಿ ನನ್ನ ಪರೀಕ್ಷೆ ನಡೆಯುವಾಗಲೆಲ್ಲ ಗೇಟಿನ ಹೊರಗೆ ನೀರಿನ ಬಾಟಲಿ, ಒದ್ದೆ ಟವೆಲ್ಲು ಹಿಡಿದು ನಿಂತಿರುತ್ತಿದ್ದರು. ಒಂದು ದಿನ ಒಳಗೇ ನುಗ್ಗಿ, "ಮೂರು ಗಂಟೆ ಸತತ ಬರೆಸ್ತೀರಲ್ಲ ಸಾರ್, ಮಧ್ಯೆ ಒಂದ್ನಿಮಿಷ ರೆಸ್ಟ್ ಬ್ಯಾಡ್ವಾ? ನಮ್ಮಲ್ಲಿ ಹೊಡೆದಾಡೋರಿಗೇ ಕೊಡ್ತಾರೆ!" ಎಂದು ಪ್ರಿನ್ಸಿಪಾಲರನ್ನು ಕೇಳಿದರಂತೆ. ಪ್ರಿನ್ಸಿಪಾಲರು ಉತ್ತರ ಹುಡುಕುತ್ತ ತಾವೇ ಒಂದು ನಿಮಿಷ ರೆಸ್ಟ್ ತೆಗೆದುಕೊಂಡರು.

ಪವಿತ್ರ ಹಣ್ಣಾದಳು. ಹುಳದ ಮನೆಯಿಂದ ರಾಜ್ಯಮಟ್ಟದ ಪಂದ್ಯಕ್ಕೆ ಹೊರಟ ಮೊದಲ ಹುಡುಗಿ. ನಾವೆಲ್ಲ ಟೆಂಪೋ ಮಾಡಿಕೊಂಡು ಬೆಂಗಳೂರಿಗೆ ಹೋದೆವು. ಅಲ್ಲಿ ಮೊದಲ ಏಟು ಬಿದ್ದದ್ದು ಮಾವನಿಗೆ. ರಿಂಗಿನ ಮೂಲೆಯಲ್ಲಿ ಸ್ಪರ್ಧಿಯ ಹಿಂದೆ ನಿಂತು ಸಲಹೆ ಕೊಡಬೇಕಾದರೆ ತರಬೇತುದಾರರ ಸರ್ಟಿಫಿಕೇಟು ಇರಲೇಬೇಕಂತೆ. ಮಾವನ ಬಳಿ ಏನಿದೆ? ಹುಣಸೆಹಣ್ಣಿನ ಕಪ್ಪು!

ಮಾವನನ್ನು ಮೇಲಿನ ಮೆಟ್ಟಿಲಿನ ಪ್ರೇಕ್ಷಕರ ನಡುವೆ ಕೂರಿಸಿದರು. ಬೇರೆ ಊರಿನ ತರಬೇತುದಾರರೊಬ್ಬರು, ಪಾಪ, ಒಳ್ಳೆಯ ಮನುಷ್ಯ, ತಾವೇ ಮುಂದೆ ಬಂದು ಪವಿತ್ರಳ ಮೂಲೆಯಲ್ಲಿ ನಿಂತರು. ಪಂದ್ಯ ಶುರುವಾಯಿತು. ಹುಡುಗಿ ಚೆನ್ನಾಗಿಯೇ ಆಡುತ್ತಿದ್ದಳು. ಎದುರಾಳಿಯ ಪಕ್ಕೆ ತೆರೆದದ್ದು ಕಂಡು ಆ ಒಳ್ಳೆಯ ಮನುಷ್ಯ ಹುರುಪಿನಿಂದ ಕೂಗಿದರು: "ಹುಕ್! ಹುಕ್! ಹುಕ್!"

ಹುಕ್ಕು ಎಂದರೆ ನಮ್ಮೂರ ಹೆಣ್ಣುಮಕ್ಕಳಿಗೆ ಬಟ್ಟೆಯ ಹುಕ್ಕು ಬಿಟ್ಟು ಬೇರೇನು ಗೊತ್ತು ಹೇಳಿ? ಅಷ್ಟು ಜನರ ಮುಂದೆ ಗಂಡಸೊಬ್ಬರು ಹುಕ್ಕು ಹುಕ್ಕು ಎಂದು ಕಿರುಚಿದರೆ ಯಾವ ಹುಡುಗಿಗೆ ಜೀವ ಹಾರುವುದಿಲ್ಲ? ಪವಿತ್ರ ಎರಡೂ ಕೈ ಇಳಿಸಿ, ಆ ದಪ್ಪ ಗ್ಲೌಸಿನಲ್ಲೇ ಬೆನ್ನು ತಡವಿಕೊಂಡಳು. ಮೇಲಿನಿಂದ ಮಾವ "ಬಾಗ್ಲಾಕು! ಮಗಾ, ಬಾಗ್ಲಾಕು!" ಎಂದು ಗಂಟಲು ಹರಿಯುವಂತೆ ಕೂಗಿದರು. ಗದ್ದಲದಲ್ಲಿ ಯಾರಿಗೆ ಕೇಳಬೇಕು? ತೆರೆದ ಬಾಗಿಲಿಗೆ ಎದುರಾಳಿ ನುಗ್ಗಿದಳು.

ಈಗ ಹೇಳಿದರೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆವತ್ತು ಯಾರೂ ನಗಲಿಲ್ಲ. ಪವಿತ್ರ ಊದಿದ ಕಣ್ಣಿನಲ್ಲೇ ಮಾವನನ್ನು ನೋಡಿ, "ತಿರುಗಿ ನೋಡ್ದೆ ಮೇಷ್ಟ್ರೇ, ನೀವಿರ್ನಿಲ್ಲ," ಎಂದಳು. ಅವಳಪ್ಪನೂ ಅಡ್ಡಮಾತಿಲ್ಲದೆ ಹೇಳಿದ. "ನಿಮ್ಮ ಮೇಲೆ ನಂಗೆ ಬ್ಯಾಸರ ಇಲ್ಲ ಸ್ವಾಮಿ. ಆದ್ರೆ ಮುಂದ್ಕೂ ನೀವು ಮೇಲ್ ಕೂತು ನೋಡೋದೇ ಆದ್ರೆ ನಮ್ ಮಗೀನ ಕಳ್ಸಾಕಿಲ್ಲ."

ಮನೆ ಮುಟ್ಟಿದ ಮೇಲೆ ನಾನೇ ಒಂದು ಉಪಾಯ ಹೇಳಿದೆ. "ಮಾವ, ಮಕ್ಕಳಿಗೆ ಇಂಗ್ಲಿಷ್ ಹೆಸರನ್ನೇ ಕಲಿಸಿಬಿಡಿ. ಯಾರು ಹಿಂದೆ ನಿಂತರೂ ನಡೆಯುತ್ತೆ."

"ಅಮ್ಮೀ, ಕಾಲಿಗೆ ಮುಳ್ ಚುಚ್ಚುದ್ರೆ ಡಿಗ್ರಿ ಓದಿರೋ ನೀನು ಏನಂತ ಕೂಗ್ತೀಯ?"

"ಅವ್ವಾ ಅಂತೀನಿ."

"ಅಷ್ಟೇಯ. ಏಟು ಬೀಳೋವಾಗ ಮಗೀಗೆ ಕಲ್ತಿದ್ ಮಾತು ನೆಪ್ಪಾಗಾಕಿಲ್ಲ." ಆಮೇಲೆ ಎಂದೂ ಆಡದ ಮಾತಾಡಿದರು. "ಆ ಪರೀಕ್ಷೆ ಎಲ್ಲಿ ನಡೆಸ್ತಾರೋ ನೋಡು. ಕಟ್ತೀನಿ."

ನೋಡಿದೆ. ತರಬೇತುದಾರರಿಗೆ ಒಂದು ಶಿಬಿರ, ಕೊನೆಯಲ್ಲಿ ಪರೀಕ್ಷೆ. ಉತ್ತರ ಕನ್ನಡದಲ್ಲಿ ಬರೆಯಬಹುದು, ಆದರೆ ಹೊಡೆತಗಳ ಹೆಸರು ಮಾತ್ರ ಎಲ್ಲ ಕಡೆ ನಡೆಯುವ ಇಂಗ್ಲಿಷ್ ಹೆಸರೇ ಆಗಬೇಕು. ಅಲ್ಲಿಂದ ನಮ್ಮ ಮನೆಯಲ್ಲಿ ಶುರುವಾಯಿತು ನೋಡಿ ಪಾಠ! ಕುಟುಕು ಅಂದರೆ ಜ್ಯಾಬ್, ಕುಡುಗೋಲು ಅಂದರೆ ಹುಕ್, ಸೌಟು ಅಂದರೆ ಅಪ್ಪರ್‌ಕಟ್, ಬಾಗಿಲು ಅಂದರೆ ಗಾರ್ಡ್. ಮಾವ ಗೇಟಿನಲ್ಲಿ ಲಾರಿಗಳಿಗೆ ದಾರಿ ಬಿಡುತ್ತ ಬಾಯಿಪಾಠ ಮಾಡಿದರು, ಎಮ್ಮೆಯ ಮೈ ತೊಳೆಯುತ್ತ ಬಾಯಿಪಾಠ ಮಾಡಿದರು. ಎಮ್ಮೆಗೂ ಅರ್ಧ ಬಂದಿರಬೇಕು.

ಒಂದು ಸಂಜೆ ಅತ್ತೆ ಒಲೆಯ ಮುಂದಿನಿಂದ, "ಒಸಿ ಸೌಟು ಕೊಡಿ," ಎಂದರು.

ಕಣ್ಣು ಮುಚ್ಚಿ ಕೂತಿದ್ದ ಮಾವ, "ಅಪ್ಪರ್‌ಕಟ್!" ಎಂದರು.

"ಸೌಟು ಕಣ್ರೀ, ಸೌಟು!"

"ಹೇಳುದ್ನಲ್ಲ, ಅಪ್ಪರ್‌ಕಟ್!"

"ಅಯ್ಯೋ, ಸಾರು ಸೀದೋಯ್ತು ಬನ್ನಿ! ಈ ಪರೀಕ್ಷೆ ಮುಗಿಯೋಗಂಟ ನಾನೇನು ಇಂಗ್ಲಿಷಲ್ಲೇ ಅಡುಗೆ ಮಾಡ್ಲಾ?"

ಬರೆಯುವ ಪರೀಕ್ಷೆ ಹೇಗೋ ದಾಟಿತು. ಉಳಿದದ್ದು ಬಾಯಿಪರೀಕ್ಷೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಳಗೆ ಹೋದರು. ಈ ಸಲ ನೀರಿನ ಬಾಟಲಿ, ಟವೆಲ್ಲು ಹಿಡಿದು ಹೊರಗೆ ನಿಂತವಳು ನಾನು. ಬಾಗಿಲು ಅರ್ಧ ತೆರೆದಿತ್ತು. ಜ್ಯಾಬ್ ಕೇಳಿದರು, ಹೇಳಿದರು. ಹುಕ್ ಕೇಳಿದರು, ಹೇಳಿದರು. ಕೊನೆಗೆ ಹಿರಿಯ ಪರೀಕ್ಷಕರು ಕೇಳಿದರು:

"ಗಾರ್ಡ್ ಅಂದರೆ ಏನು?"

ಬೆಳಿಗ್ಗೆಯಿಂದ ಬೈಗಿನವರೆಗೆ ಕಾರ್ಖಾನೆಯ ಮಂದಿಯಿಂದ "ಗಾರ್ಡ್, ಗಾರ್ಡ್" ಎಂದು ಕೂಗಿಸಿಕೊಂಡ ಜೀವ! ಮಾವ ಕುರ್ಚಿಯಿಂದ ದಡಕ್ಕನೆ ಎದ್ದು, ಕಾಲು ಜೋಡಿಸಿ, ಸೆಲ್ಯೂಟ್ ಹೊಡೆದು, "ನಾನೇ ಸಾರ್! ಬಿಡದೀಲಿ, ಹಿಂದ್ಗಡೆ ಗೇಟು!" ಎಂದರು.

ಒಳಗೆ ನಗೆ ಸಿಡಿಯಿತು. ಹೊರಗೆ ನಾನು ಆ ಒದ್ದೆ ಟವೆಲ್ಲಿನಿಂದ ನನ್ನ ಮುಖವನ್ನೇ ಒರೆಸಿಕೊಂಡೆ. ಮಾವ ಈಚೆ ಬಂದು, "ಹೋಯ್ತು ಕಣಮ್ಮಿ. ಬಾಗ್ಲು ನನ್ ಬಾಯಿಗೇ ಬರ್ನಿಲ್ಲ," ಎಂದು ಮೆಟ್ಟಿಲ ಮೇಲೆ ಕುಸಿದರು. ರಿಂಗಿನಲ್ಲಿ ಎಷ್ಟು ಸಲ ಬಿದ್ದಿದ್ದರೋ ಗೊತ್ತಿಲ್ಲ. ಅವರು ಬಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆದರೆ ಮಾವ ಪಾಸಾದರು! ಅಂಕ ಎಷ್ಟೆಂದು ಕೇಳಬೇಡಿ. ಹಗ್ಗ ಹಿಡಿದುಕೊಂಡು ಎದ್ದು ನಿಂತವನೂ ನಿಂತವನೇ.

ಸರ್ಟಿಫಿಕೇಟು ಕೊಡುವ ಸಮಾರಂಭಕ್ಕೆ ಅದೇ ಟೆಂಪೋದಲ್ಲಿ ಹೊರಟೆವು. ಅತ್ತೆ, ನಾನು, ಪವಿತ್ರ, ಅವಳಪ್ಪ, ಮತ್ತು ಕಣ್ಣು ಮಂಜಾಗಿದ್ದರೂ ಬಂದೇ ತೀರುತ್ತೇನೆಂದು ಹಟ ಹಿಡಿದ ಅಜ್ಜಿ. ಹೆಸರು ಕರೆದರು. ಮಾವ ಸರ್ಟಿಫಿಕೇಟು ತೆಗೆದುಕೊಂಡು, ಫೋಟೋದವರಿಗೂ ನಿಲ್ಲದೆ, ವೇದಿಕೆಯಿಂದಿಳಿದು ನೆಟ್ಟಗೆ ಅಜ್ಜಿಯ ಹತ್ತಿರ ಬಂದು ಅದನ್ನು ಅವರ ಕೈಗಿಟ್ಟರು. ಆಣೆ ಇಟ್ಟವರಲ್ಲವೇ, ಈಗೇನು ಹೇಳುತ್ತಾರೋ ಎಂದು ನಾವೆಲ್ಲ ನಗಲು ತಯಾರಾಗಿ ಕೂತಿದ್ದೆವು.

ಅಜ್ಜಿ ಅದನ್ನು ಅತ್ತೆಯ ಮಡಿಲಿಗೆ ದಾಟಿಸಿ, ಎರಡೂ ಕೈಯಿಂದ ಮಗನ ಮುಖ ಹಿಡಿದುಕೊಂಡರು. ಮುರಿದು ಕೂಡಿಕೊಂಡ ಸೊಟ್ಟ ಮೂಗು, ಹುಬ್ಬಿನ ಮೇಲಿನ ಹಳೆಯ ಹೊಲಿಗೆ, ತುಟಿಯ ಅಂಚಿನ ಸೀಳು. ಒಂದೊಂದರ ಮೇಲೂ ಅವರ ಬೆರಳು ನಿಂತು, ಮುಂದೆ ಹೋಯಿತು. ಮಾವ ಎರಡೂ ಕೈ ಇಳಿಬಿಟ್ಟು, ಮಂಡಿಯೂರಿ, ಅಲ್ಲಾಡದೆ ಕೂತಿದ್ದರು.

"ಇವೊಂದೂ ಬೀಳೋವಾಗ ನಾ ನಿನ್ ಹಿಂದೆ ಇರ್ನಿಲ್ಲ ಕಣ್ ಮಗ," ಎಂದರು ಅಜ್ಜಿ. ಆಮೇಲೆ ಪವಿತ್ರ ಕೂತಿದ್ದ ಕಡೆಗೆ ಗದ್ದ ತೋರಿಸಿದರು. "ಆ ಮಗೀನ್ ಹಿಂದೆ ನೀನಿರು."