ನಮ್ಮನೆ ಸ್ಟೋರ್ಸಿನ ಡೀಸೆಲ್ ಫಿಲ್ಟರ್

ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳೂ ಕಾಲು. ಸ್ಥಳ: ಆನೇಕಲ್ ರಸ್ತೆಯ ಪಕ್ಕದ ನಮ್ಮ ಹಳ್ಳಿಯಲ್ಲಿ ರತ್ನಮ್ಮನ ಒಂದೆಕರೆ ಹೊಲ. ಹಾಜರಿದ್ದವರು: ಹೊಲದೊಡತಿ ರತ್ನಮ್ಮ, ನಮ್ಮ ಯಜಮಾನರು, ನಾನು ಮತ್ತು ಕೆಟ್ಟು ನಿಂತ ನಮ್ಮ ಸಣ್ಣ ಟ್ರ್ಯಾಕ್ಟರ್. ಹೀಗೆ ಬರೆದುಕೊಳ್ಳದೆ ನನಗೆ ಯಾವ ಸಂಗತಿಯನ್ನೂ ಹೇಳಲು ಬರುವುದಿಲ್ಲ. ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು ನಾನು. ನಿವೃತ್ತಿಯ ದಿನ ಹಾರ ಹಾಕಿ ನನ್ನನ್ನು ಕಳಿಸಿಕೊಟ್ಟರು. ಸ್ಟೋರ್ಸೂ ನನ್ನ ಹಿಂದೆಯೇ ಮನೆಗೆ ಬಂದುಬಿಟ್ಟಿತು. ನಮ್ಮ ಮನೆಯಲ್ಲಿ ಹೊಸ ಸೋಪು ಬೇಕಾದರೆ ಹಳೆಯದರ ಚೂರನ್ನು ತಂದು ತೋರಿಸಬೇಕು. ಯಜಮಾನರು ಮೊದಮೊದಲು ಗೊಣಗುತ್ತಿದ್ದರು, ಈಗ ಚೂರನ್ನು ತಾವಾಗಿಯೇ ಅಂಗೈಯಲ್ಲಿ ಹಿಡಿದು ಬರುತ್ತಾರೆ. ಇದನ್ನು ನಾನು ನಮ್ಮ ದಾಂಪತ್ಯದ ಸಾಧನೆಗಳಲ್ಲಿ ಒಂದೆಂದು ಎಣಿಸಿದ್ದೆ.

ರತ್ನಮ್ಮನ ಹೊಲದ ಸುತ್ತ ಈಗ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರ ಬಾಡಿಗೆ ಮನೆಗಳು. ಅವುಗಳಲ್ಲಿ ಅರ್ಧ ಅವಳವೇ. ಆದರೂ ಒಂದೆಕರೆಯನ್ನು ರಾಗಿಗೆಂದು ಉಳಿಸಿಕೊಂಡಿದ್ದಾಳೆ. ಅಂಗಡಿ ರಾಗಿಯ ಮುದ್ದೆ ಅವಳ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಮನೆಗಳ ನಡುವಿನ ಓಣಿಯಲ್ಲಿ ದೊಡ್ಡ ಟ್ರ್ಯಾಕ್ಟರ್ ಹಿಡಿಸದು. ನಮ್ಮದೊಂದೇ, ಒಣಹಾಕಿದ ಪ್ಯಾಂಟು ಶರ್ಟುಗಳನ್ನು ಸರಿಸಿಕೊಂಡು, ಒಳಗೆ ನುಗ್ಗಬಲ್ಲದು. ಗುರುವಾರ ಹದವಾದ ಮಳೆ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ಬಿತ್ತನೆಗೆ ಆಳುಗಳು ಬರುವವರಿದ್ದರು. ಶನಿವಾರವೇ ಉಳುಮೆ ಮುಗಿಯಬೇಕಿತ್ತು.

ಟ್ರ್ಯಾಕ್ಟರ್ ಹತ್ತು ನಿಮಿಷ ಚೆನ್ನಾಗಿ ಓಡಿ, ಭಾರ ಬಿದ್ದ ಕೂಡಲೇ ಏದುಸಿರು ಬಿಟ್ಟು ನಿಂತಿತು. ಯಜಮಾನರು ಇಳಿದು ಬಂದು, "ಡೀಸೆಲ್ ಫಿಲ್ಟರ್ ಕಟ್ಕೊಂಡಿದೆ ಕಣೇ. ಹೊಸದು ಕೊಡು" ಎಂದರು.

"ಹಳೇದು ಬಿಚ್ಚಿ ಕೊಡಿ."

"ಹೊಲದ ಮಧ್ಯಾನೂ ಅದೇ ರೂಲಾ?"

ಬದುವಿನ ಮೇಲೆ ಕೂತಿದ್ದ ರತ್ನಮ್ಮ, "ಅಕ್ಕೋ, ನೆಲದ ಅದ ಆರೋಯ್ತದೆ, ಬಿರ್ರನೆ ಕೊಡಕ್ಕಾ" ಎಂದಳು.

ಹಳೆಯದನ್ನು ಪಡೆದುಕೊಂಡು ಮನೆಗೆ ಹೋಗಿ, ಬೀರುವಿನಿಂದ ಒಂದು ಡಬ್ಬ ತಂದುಕೊಟ್ಟೆ. ಯಜಮಾನರು ಫಿಲ್ಟರ್ ಕೂರಿಸಿ, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೋಗುವವರೆಗೂ ಕೈಪಂಪನ್ನು ಒತ್ತಿ ಒತ್ತಿ ಸುಸ್ತಾದರು. ಟ್ರ್ಯಾಕ್ಟರ್ ಹೊರಟಿತು. ಎರಡು ಸಾಲು ಉತ್ತು ಮತ್ತೆ ನಿಂತಿತು. ಇನ್ನೊಂದು ಡಬ್ಬ ತಂದೆ. ಮತ್ತೆ ಗಾಳಿ ತೆಗೆದದ್ದಾಯಿತು, ಮತ್ತೆ ಎರಡು ಸಾಲು, ಮತ್ತೆ ಮೌನ. ಗಂಟೆ ಒಂಬತ್ತೂವರೆ. ಯಜಮಾನರು ಡೀಸೆಲ್ ಬಂಕಿನವರನ್ನು ಬೈದರು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಫಿಲ್ಟರ್‌ಗಳನ್ನು ತಂದುಕೊಟ್ಟಿದ್ದ ಮೆಕ್ಯಾನಿಕ್ ಬಷೀರನಿಗೆ ಫೋನ್ ಮಾಡಿ, ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀಯಾ, ಒಬ್ಬರ ಬೆಳೆ ಹಾಳಾದರೆ ಯಾರು ಹೊಣೆ ಎಂದು ಕೇಳಿದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದವರೊಬ್ಬರು ಬ್ರಷ್ಷು ನಿಲ್ಲಿಸಿ ಕೇಳಿಸಿಕೊಂಡರು.

ಬಷೀರ್ ಹತ್ತೂವರೆಗೆ ಸ್ಕೂಟರಿನಲ್ಲಿ ಬಂದ. ಬಂದವನೇ ಫಿಲ್ಟರ್ ಬಿಚ್ಚಿ ತಲೆಕೆಳಗು ಮಾಡಿದ. ಕಾಡಿಗೆಯಂಥ ಕೊಳೆ ಇಳಿಯಿತು.

"ಮೇಡಂ, ಅರ್ಧ ಗಂಟೇಲಿ ಇಷ್ಟು ಕಪ್ಪಾಗಲ್ಲ. ಇಲ್ನೋಡಿ, ತಳದಲ್ಲಿ ಎರಡು ಗೀರು. ಹಳೇದು ಬಿಚ್ಚಿದಾಗ ನಾನೇ ಮೊಳೇಲಿ ಗೀಚ್ತೀನಿ, ಯಾರೂ ತಿರುಗ ಹಾಕ್ಬಾರ್ದು ಅಂತ. ಇದು ಎಲ್ಲಿಂದ ಬಂತು?"

ಮೂವರೂ ನನ್ನ ಕಡೆ ನೋಡಿದರು.

ನಡೆದದ್ದು ಇಷ್ಟು. ನಮ್ಮ ಸ್ಟೋರ್ಸಿನಲ್ಲಿ ಎರಡು ನಿಯಮಗಳಿದ್ದವು. ಹಳೆಯ ಭಾಗ ಒಪ್ಪಿಸದೆ ಹೊಸದಿಲ್ಲ. ಮೊದಲು ಬಂದ ಮಾಲು ಮೊದಲು ಹೊರಗೆ. ಎರಡೂ ಒಳ್ಳೆಯ ನಿಯಮಗಳೇ. ಕಾರ್ಖಾನೆಯಲ್ಲಿ ಒಪ್ಪಿಸಿದ ಹಳೆಯ ಭಾಗಗಳು ಗುಜರಿಗೆ ಹೋಗುತ್ತಿದ್ದವು, ಅದನ್ನು ಬೇರೊಬ್ಬರು ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಆ ಬೇರೊಬ್ಬರು ಇಲ್ಲ. ಹಳೆಯ ಫಿಲ್ಟರ್‌ಗಳನ್ನು ನಾನು ಚೆನ್ನಾಗಿ ಒರೆಸಿ, ಖಾಲಿ ಡಬ್ಬಗಳಲ್ಲೇ ಹಾಕಿ, ಹೊಸವುಗಳ ಪಕ್ಕ ಸಾಲಾಗಿ ಜೋಡಿಸಿದ್ದೆ. ಫಿಲ್ಟರ್ ಎಂದರೆ ತಗಡಿನ ಮುಚ್ಚಿದ ಡಬ್ಬಿ, ಕೊಳೆಯೆಲ್ಲ ಒಳಗೆ. ಒರೆಸಿದರೆ ಹೊಸದರಷ್ಟೇ ಹೊಳೆಯುತ್ತದೆ. ಪ್ರತಿ ಡಬ್ಬದ ಮೇಲೂ ಅದು ಮನೆಗೆ ಬಂದ ತಾರೀಖು ಬರೆದಿದ್ದೆ. ಆ ದಿನ ತಾರೀಖು ನೋಡಿ ಎಲ್ಲಕ್ಕಿಂತ ಹಳೆಯದನ್ನೇ ಆರಿಸಿ ಆರಿಸಿ ಕೊಟ್ಟಿದ್ದೆ.

"ಕಸಾನೂ ಬೀಗ ಆಕಿ ಮಡಗ್ತೀಯಾ ಅಕ್ಕಾ?" ಎಂದು ರತ್ನಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು.

"ತಪ್ಪು ನನ್ನದು ಬಷೀರ್. ಫೋನಿನಲ್ಲಿ ಹಾಗೆ ಮಾತಾಡಬಾರದಿತ್ತು" ಎಂದೆ. ಬಾಲ್ಕನಿಗೂ ಕೇಳಲಿ ಎಂದು ಅದನ್ನೂ ಜೋರಾಗಿಯೇ ಹೇಳಿದೆ. ಅಲ್ಲಿ ಈಗ ಯಾರೂ ಇರಲಿಲ್ಲ.

"ಬಿಡಿ ಮೇಡಂ, ಒಂದು ಟೀ ಕೊಡಿ ಸಾಕು."

"ಟೀ ಬೇಕಂದ್ರೆ ಹಳೇ ಲೋಟ ತಂದ್ಕೊಡ್ಬೇಕು, ಬಷೀರ್" ಎಂದರು ಯಜಮಾನರು. ಬೆಳಗಿನಿಂದ ಕೈಪಂಪು ಒತ್ತಿದವರು. ಅಷ್ಟು ಹೇಳುವ ಹಕ್ಕು ಅವರಿಗಿತ್ತು.

ಬೀರುವಿನಲ್ಲಿ ನಿಜವಾದ ಹೊಸ ಫಿಲ್ಟರ್ ಮೂರು ಉಳಿದಿದ್ದವು. ಬಷೀರ್ ಒಂದನ್ನು ಹಾಕಿದ. ಹನ್ನೊಂದೂ ಇಪ್ಪತ್ತಕ್ಕೆ ಹೊರಟ ಟ್ರ್ಯಾಕ್ಟರ್ ಎಲ್ಲೂ ನಿಲ್ಲಲಿಲ್ಲ. ಮೂರು ಗಂಟೆಗೆ ಎಕರೆಯೆಲ್ಲ ಪುಡಿಮಣ್ಣಾಗಿತ್ತು. ರತ್ನಮ್ಮ ಬಗ್ಗಿ ಒಂದು ಹಿಡಿ ಮಣ್ಣನ್ನು ಅದುಮಿ ನೋಡಿದಳು. "ಅದ ಐತೆ" ಎಂದಳು. ಆಮೇಲೆ ಅವಳು ನನ್ನನ್ನು ಬಿಟ್ಟು ಯಜಮಾನರಿಗೆ, "ಅಣ್ಣ, ಇನ್ಮೇಲೆ ಫಿಲ್ಟರ್ ನಮ್ಮನೇಲಿ ಇಕ್ಕು. ರಾಗಿ ನಂದು ತಾನೆ" ಎಂದಳು. ಯಜಮಾನರು ಆಗಲಿ ಎನ್ನಲು ಒಂದು ಕ್ಷಣವೂ ಯೋಚಿಸಲಿಲ್ಲ.

ಸಂಜೆ ಆರಕ್ಕೆ ಉಳಿದ ಎರಡು ಹೊಸ ಫಿಲ್ಟರ್‌ಗಳನ್ನು ನಾನೇ ತೆಗೆದುಕೊಂಡು ಹೋದೆ. ರತ್ನಮ್ಮ ಅವನ್ನು ಹಲಸಿನಹಣ್ಣಿನ ಪಕ್ಕ, ಬೋರಲು ಹಾಕಿದ ಬಿದಿರಿನ ಮಂಕರಿಯ ಮೇಲೆ ಇಟ್ಟಳು. ಒಂದು ಚೀಟಿ ಬರೆದುಕೊಡು ರತ್ನಮ್ಮ, ಮುಟ್ಟಿತು ಅಂತ, ಎಂದು ಕೈ ಚಾಚಿದೆ. ಅವಳು ಆ ಕೈಯಲ್ಲಿ ನಾಲ್ಕು ಹಲಸಿನ ತೊಳೆ ಇಟ್ಟು, "ತಿನ್ನಕ್ಕಾ" ಎಂದಳು. ಅಂಗಳದಲ್ಲಿ ನಿಂತು ತಿಂದೆ. ಆರೂ ಹತ್ತಕ್ಕೆ ಅದೂ ಮುಗಿಯಿತು.