ಪಶ್ಚಿಮದ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿಕೊಡುವ ಬಗ್ಗೆ

ಮಾನ್ಯ ಅಧ್ಯಕ್ಷರು,
ಪುರಾತನ ಕಟ್ಟಡಗಳ ಸಂರಕ್ಷಣಾ ಸಮಿತಿ,
ವಾಲ್‌ದೂವ ಗ್ರಾಮ, ಡೌರೊ ಕಣಿವೆ, ಪೋರ್ಚುಗಲ್.

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸದಸ್ಯರಿಗೂ, ತಾವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಈ ಊರಿನ ಒಂದೊಂದು ಹಳೆಯ ಕಲ್ಲಿಗೂ ಬೆಂಗಳೂರಿನ ಗೋವಿಂದರಾಜನಗರದ ಪಾತ್ರೆ ಅಂಗಡಿಯ ವೆಂಕಟಗಿರಿ ಮಾಡುವ ನಮಸ್ಕಾರಗಳು. ದ್ರಾಕ್ಷಾರಸಕ್ಕೆ ಹೆಸರಾದ ತಮ್ಮ ಕಣಿವೆಯಲ್ಲಿ ನಾನು ಕೊಂಡ ಮುನ್ನೂರು ವರ್ಷದ ಮನೆಯ ಬಾಗಿಲನ್ನು ಪಶ್ಚಿಮದಿಂದ ಪೂರ್ವಕ್ಕೆ ಬದಲಿಸಲು ಕೊಟ್ಟ ಅರ್ಜಿಯನ್ನು ತಾವು ಅಷ್ಟೊಂದು ಪ್ರೀತಿಯಿಂದ ತಿರಸ್ಕರಿಸಿದ್ದಕ್ಕೆ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ.

ತಪ್ಪೆಲ್ಲ ಸೂರ್ಯನದು. ತಮ್ಮೂರಿನ ದಲ್ಲಾಳಿ ಕಳಿಸಿದ ವಿಡಿಯೋದಲ್ಲಿ ಬಾಗಿಲಿನ ಎದುರಿಗೇ, ದ್ರಾಕ್ಷಿ ತೋಟದಾಚೆಯ ಗುಡ್ಡದ ಮೇಲೆ, ಕೆಂಪಗೆ ಕೂತಿದ್ದ. ನಾವದನ್ನು ನೋಡಿದ್ದು ಬೆಳಗಿನ ಕಾಫಿಯ ಹೊತ್ತಿಗೆ. ನನ್ನ ಹೆಂಡತಿ ವಿಮಲಮ್ಮ ಅವನಿಗೆ ಕೈಮುಗಿದು, “ಪೂರ್ವದ ಬಾಗ್ಲು ಕಣ್ರೀ, ಇನ್ನೇನ್ ನೋಡ್ತೀರಾ, ಅಡ್ವಾನ್ಸ್ ಕೊಟ್ಬಿಡಿ” ಎಂದಳು. ವಿಮಾನ ಇಳಿದು ನೇರವಾಗಿ ಗೃಹಪ್ರವೇಶಕ್ಕೆ ಬಂದು ಹೊಸ್ತಿಲ ಮುಂದೆ ನಿಂತಾಗ, ಬೆಳಗಿನ ಬಿಸಿಲು ಮನೆಯ ಹಿಂಗೋಡೆಗೆ ಬೀಳುತ್ತಿತ್ತು; ವಿಡಿಯೋದಲ್ಲಿದ್ದವನು ಮುಳುಗುತ್ತಿದ್ದ ಸೂರ್ಯನೆಂದು ಆಗ ತಿಳಿಯಿತು. ವಿಮಲಮ್ಮನ ಜಾತಕಕ್ಕೆ ಪೂರ್ವದ ಬಾಗಿಲೇ ಆಗಬೇಕೆಂದು ಕೆಂಗೇರಿಯ ಜೋಯಿಸರು ಹೇಳಿದ್ದರಿಂದ, ಅವಳು ಎತ್ತಿದ ಬಲಗಾಲನ್ನು ಹಾಗೇ ಇಳಿಸಿ, ತೋಟದ ಆ ತುದಿಯಲ್ಲಿರುವ, ಪೂರ್ವಕ್ಕೆ ಬಾಗಿಲಿರುವ ದ್ರಾಕ್ಷಿ ತುಳಿಯುವ ಕೊಟ್ಟಿಗೆಗೆ ಹೋಗಿ ಅಲ್ಲೇ ಹಾಲು ಉಕ್ಕಿಸಿದಳು. ಅಂದಿನಿಂದ ಅವಳ ಸಂಸಾರ ಅಲ್ಲೇ. ನನಗೆ ಮಾತ್ರ ಒಳಗೆ ಪ್ರವೇಶವಿಲ್ಲ. “ಬಾಗ್ಲು ತಿರುಗ್ಸೋವರ್ಗೂ ನೀವು ಆ ಬಂಗ್ಲೇಲೇ ಇರಿ” ಎಂದು ಅಪ್ಪಣೆಯಾಗಿದೆ.

ಮಾನ್ಯರೇ, ಮದುವೆಯಾದಂದಿನಿಂದ ಅವಳ ಗೊಣಗಾಟ ಕೇಳದೆ ಮಲಗಿದವನು ನಾನಲ್ಲ. ಈಗ ತಾವು ಕಾಪಾಡಿಕೊಟ್ಟಿರುವ ಅಷ್ಟೂ ಕೋಣೆಗಳಲ್ಲಿ ಒಬ್ಬನೇ ಹೊರಳಾಡುತ್ತೇನೆ. ನನಗೆ ಬಹಳ ಬೇಜಾರಾಗಿದೆ.

ಬಾಗಿಲನ್ನು ಅಲುಗಿಸಬಾರದೆಂಬ ತಮ್ಮ ನಿಯಮ ನನಗೆ ಶಿರೋಧಾರ್ಯ. ಆದ್ದರಿಂದ ಬಾಗಿಲನ್ನು ಮುಟ್ಟದೆ ಇಡೀ ಮನೆಯನ್ನೇ ತಿರುಗಿಸಲು ಅನುಮತಿ ಕೋರುತ್ತೇನೆ. ನಮ್ಮ ಕಡೆ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಮೇಲೇರಿ ಮನೆಗಳು ತಗ್ಗಿಗೆ ಬಿದ್ದಾಗ, ಜಾಕಿ ಕೊಟ್ಟು ಮನೆ ಎತ್ತುವ ಕೆಂಪಯ್ಯನವರಿದ್ದಾರೆ. ಒಳಗಿನವರು ಟೀವಿ ನೋಡುತ್ತಿರುವಾಗಲೇ ಎತ್ತಿ ಮುಗಿಸುತ್ತಾರೆ. ಅರ್ಧ ಸುತ್ತು ತಿರುಗಿಸುವುದು ಹೊಸ ಕೆಲಸವಾದರೂ ಫೋನಿನಲ್ಲಿ, “ಬರ್ತೀನಿ ಸಾರ್, ವೀಸಾ ಒಂದ್ ಮಾಡ್ಸಿಕೊಡಿ” ಎಂದಿದ್ದಾರೆ. ಇದೂ ಒಪ್ಪಿಗೆಯಾಗದಿದ್ದರೆ, ಮನೆ ಇದ್ದಲ್ಲೇ ಇರಲಿ, ಗುಡ್ಡ, ನದಿ ಮತ್ತು ತೋಟವನ್ನು ತಿರುಗಿಸಿಕೊಡಿ. ಅದೂ ಕಷ್ಟವೆನಿಸಿದರೆ, ತಮ್ಮ ಗ್ರಾಮದ ಮಿತಿಯೊಳಗೆ ಮಾತ್ರ ಸೂರ್ಯ ಪಶ್ಚಿಮದಲ್ಲಿ ಹುಟ್ಟತಕ್ಕದ್ದೆಂದು ಒಂದು ಸುತ್ತೋಲೆ ಹೊರಡಿಸಬೇಕು. ಸಂರಕ್ಷಿತ ಪುರಾತನ ವಸ್ತುಗಳಲ್ಲಿ ಸೂರ್ಯನ ಹೆಸರಿಲ್ಲವೆಂದು ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ.

ತಮ್ಮ ಸಂರಕ್ಷಣೆಯಲ್ಲಿ ಒಂಟಿಯಾಗಿರುವ,
ತಮ್ಮ ವಿಶ್ವಾಸಿ,
ವೆಂಕಟಗಿರಿ

ತಾ.ಕ.: ಕೊಟ್ಟಿಗೆಯ ತಪಾಸಣೆಗೆಂದು ಬಂದ ತಮಗೆ ನನ್ನ ಹೆಂಡತಿ ಬಿಸಿಬೇಳೆಬಾತ್ ಬಡಿಸಿ, ತಮ್ಮ ಕಚೇರಿಯ ಬಾಗಿಲೂ ಪಶ್ಚಿಮಕ್ಕಿರುವುದರಿಂದಲೇ ತಮಗೆ ಮಂಡಿನೋವು ಎಂದು ಮೊಬೈಲಿನ ಅನುವಾದದಲ್ಲಿ ತಿಳಿಸಿದಳಂತೆ. ಮರುದಿನದಿಂದ ತಾವು ಪೂರ್ವದ ಕಿಟಕಿಗೆ ಏಣಿ ಹಾಕಿ, ಕಂಕುಳಲ್ಲಿ ಕಡತ ಹಿಡಿದು ಕಚೇರಿಗೆ ಹತ್ತಿ ಹೋಗುವುದನ್ನು ನಾನು ಮಹಡಿಯಿಂದ ಭಕ್ತಿಯಿಂದ ನೋಡುತ್ತಿದ್ದೇನೆ. ಏಣಿಗೆ ಸಮಿತಿಯ ಅನುಮತಿ ಬೇಕೋ ಬೇಡವೋ ತಾವೇ ಬಲ್ಲಿರಿ. ತಾವು ಒಳಗೆ ಹತ್ತಿ ಕೂತ ಮೇಲೆ ಅದನ್ನು ಇತ್ತ ಕಳಿಸಿಕೊಟ್ಟರೆ, ನಮ್ಮ ಮನೆಯ ಪೂರ್ವದ ಕಿಟಕಿಯಿಂದ ಬಲಗಾಲಿಟ್ಟು ಒಳಗೆ ಬರಲು ವಿಮಲಮ್ಮ ಒಪ್ಪಿದ್ದಾಳೆ. ತಾವು ಹೇಗೆ ಇಳಿಯುತ್ತೀರೆಂಬುದನ್ನು ಸಮಿತಿಯ ಮುಂದಿನ ಸಭೆಯಲ್ಲಿ ತೀರ್ಮಾನಿಸಬಹುದು.